ಮನಸ್ಥಿತಿಯ ಏರುಪೇರು: ‘ಏಕೆ’ ಎಂದು ಕೇಳುವ ಮೊದಲು ‘ಯಾವಾಗ’ ಎಂದು ಬರೆದಿಡಿ

ಪ್ರಶ್ನೆ: ನನಗೆ 45 ವರ್ಷ. ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಪ್ರೌಢಶಾಲಾ ಶಿಕ್ಷಕಿಯಾಗಿದ್ದೇನೆ. ಒಂದೂವರೆ ವರ್ಷದಿಂದ ನನ್ನ ಮನಸ್ಸು ನನ್ನ ಹಿಡಿತದಲ್ಲಿಲ್ಲ. ಬೆಳಿಗ್ಗೆ ತರಗತಿಯಲ್ಲಿ ನಗುನಗುತ್ತಾ ಪಾಠ ಮಾಡಿದವಳು ಸಂಜೆ ಪಿಯುಸಿ ಓದುತ್ತಿರುವ ಮಗಳ ಮೇಲೆ ಸಣ್ಣ ಕಾರಣಕ್ಕೆ ಹರಿಹಾಯುತ್ತೇನೆ; ಸ್ವಲ್ಪ ಹೊತ್ತಿನ ನಂತರ ಬಚ್ಚಲುಮನೆಯಲ್ಲಿ ನಿಂತು ಅಳುತ್ತೇನೆ. ಮುಟ್ಟು ಒಮ್ಮೆ ಮೂರು ವಾರಕ್ಕೆ, ಒಮ್ಮೆ ಎರಡು ತಿಂಗಳಿಗೆ ಬರುತ್ತಿದೆ, ಬಂದಾಗ ಹೆಚ್ಚು ಹೋಗುತ್ತದೆ. ನಡುರಾತ್ರಿ ಬೆವರಿ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುವುದಿಲ್ಲ. ಅತ್ತೆಯವರು ‘ಎಲ್ಲ ಹೆಂಗಸರಿಗೂ ಆಗುವುದೇ’ ಎನ್ನುತ್ತಾರೆ. ಯಜಮಾನರು ‘ಮನಸ್ಸು ಗಟ್ಟಿ ಮಾಡಿಕೋ’ ಎನ್ನುತ್ತಾರೆ. ನನ್ನ ಸೋದರಮಾವ ಬಹಳ ವರ್ಷಗಳಿಂದ ಬೈಪೋಲಾರ್ ಕಾಯಿಲೆಗೆ ಲಿಥಿಯಂ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಅದೇ ನನಗೂ ಬರುತ್ತಿದೆಯೇ? ಸಹೋದ್ಯೋಗಿಯೊಬ್ಬರು ತಾವು ನುಂಗುವ ನಿದ್ದೆ ಮಾತ್ರೆ ಕೊಡುತ್ತೇನೆ ಎಂದಿದ್ದಾರೆ, ತೆಗೆದುಕೊಳ್ಳಬಹುದೇ? ಔಷಧವಿಲ್ಲದೆ ಸರಿಹೋಗಲು ಸಾಧ್ಯವೇ? ಮಗಳಿಗೆ ಏನು ಹೇಳಲಿ?

ಉತ್ತರ: ನಿಮ್ಮ ಪತ್ರದಲ್ಲಿ ನಿಮ್ಮನ್ನು ಹೆಚ್ಚು ಹೆದರಿಸಿರುವುದು ಸೋದರಮಾವನವರ ಕಾಯಿಲೆ ಎಂದು ತೋರುವುದರಿಂದ ಅದನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಮನಸ್ಸು ಉನ್ಮಾದ ಮತ್ತು ಖಿನ್ನತೆಗಳ ನಡುವೆ ಹೊಯ್ದಾಡುವ ಈ ಬೈಪೋಲಾರ್ ಕಾಯಿಲೆಯಲ್ಲಿ ವಂಶದ ಪಾಲು ಇದೆ ಎಂಬುದು ನಿಜ. ತಂದೆ, ತಾಯಿ ಅಥವಾ ಒಡಹುಟ್ಟಿದವರಲ್ಲಿ ಒಬ್ಬರಿಗೆ ಈ ಕಾಯಿಲೆ ಇದ್ದವರಲ್ಲಿಯೂ ಅದು ಬರುವುದು ಸುಮಾರು ಶೇಕಡ 5ರಿಂದ 10ರಷ್ಟು ಮಂದಿಗೆ ಮಾತ್ರ. ಸೋದರಮಾವನ ಸಂಬಂಧ ಅದಕ್ಕಿಂತ ಒಂದು ಹೆಜ್ಜೆ ದೂರದ್ದಾದ್ದರಿಂದ ನಿಮ್ಮ ಅಪಾಯ ಇನ್ನೂ ಕಡಿಮೆ. ಇದರ ಜೊತೆಗೆ, ಈ ಕಾಯಿಲೆ ಸಾಮಾನ್ಯವಾಗಿ ಹದಿಹರೆಯದ ಕೊನೆಯಿಂದ ಮೂವತ್ತರೊಳಗೆ ತಲೆದೋರುತ್ತದೆ. ನಲವತ್ತೈದರಲ್ಲಿ ಮೊದಲ ಬಾರಿಗೆ ಕಾಣಿಸಿಕೊಳ್ಳುವುದು ಅಸಾಧ್ಯವಲ್ಲವಾದರೂ ವಿರಳ.

ವಂಶದ ಲೆಕ್ಕಕ್ಕಿಂತ ಮುಖ್ಯವಾದದ್ದು ಲಕ್ಷಣಗಳು ಕಾಲದಲ್ಲಿ ಹೇಗೆ ಹರಡಿಕೊಂಡಿವೆ ಎಂಬುದು. ಬೈಪೋಲಾರ್ ಕಾಯಿಲೆಯಲ್ಲಿ ಮನಸ್ಥಿತಿ ಗಂಟೆಗೊಮ್ಮೆ ತಿರುಗುವುದಿಲ್ಲ. ಉನ್ಮಾದದ ಸ್ಥಿತಿ ಕನಿಷ್ಠ ಒಂದು ವಾರ, ಅದರ ಸೌಮ್ಯ ರೂಪ ಕನಿಷ್ಠ ನಾಲ್ಕು ದಿನ, ಖಿನ್ನತೆ ಕನಿಷ್ಠ ಎರಡು ವಾರ ಸತತವಾಗಿ ನಿಲ್ಲಬೇಕು ಎಂಬುದು ರೋಗನಿರ್ಣಯದ ಅಳತೆ. ಉನ್ಮಾದದಲ್ಲಿರುವವರು ರಾತ್ರಿ ಎರಡು ಮೂರು ಗಂಟೆ ಮಲಗಿದರೂ ಮರುದಿನ ದಣಿವಿಲ್ಲದೆ ಓಡಾಡುತ್ತಾರೆ. ಮಾತು ನಿಲ್ಲುವುದಿಲ್ಲ, ಕೈಯಲ್ಲಿರುವ ಹಣ ನಿಲ್ಲುವುದಿಲ್ಲ, ಇದ್ದಕ್ಕಿದ್ದಂತೆ ದೊಡ್ಡ ದೊಡ್ಡ ಯೋಜನೆಗಳು ಹುಟ್ಟುತ್ತವೆ, ಮತ್ತು ಈ ಬದಲಾವಣೆ ಅವರಿಗಿಂತ ಮೊದಲು ಅಕ್ಕಪಕ್ಕದವರ ಕಣ್ಣಿಗೆ ಬೀಳುತ್ತದೆ. ನೀವು ಬರೆದಿರುವುದು ಇದಕ್ಕೆ ವಿರುದ್ಧವಾದ ಸಂಗತಿಯನ್ನು: ನಿಮಗೆ ನಿದ್ದೆ ಬೇಕು, ಸಿಗುತ್ತಿಲ್ಲ, ಸಿಗದಿರುವುದರಿಂದ ದಣಿದಿದ್ದೀರಿ. ನಿದ್ದೆಯ ಅಗತ್ಯವೇ ಕಡಿಮೆಯಾಗುವುದಕ್ಕೂ ನಿದ್ದೆಗೆ ಭಂಗ ಬರುವುದಕ್ಕೂ ಇರುವ ಈ ಅಂತರವನ್ನು ಮನೋವೈದ್ಯರು ಬಹಳ ಗಂಭೀರವಾಗಿ ಪರಿಗಣಿಸುತ್ತಾರೆ. ಹೀಗಿದ್ದರೂ ಯಾವ ವೈದ್ಯರನ್ನು ಕಂಡರೂ ಸೋದರಮಾವನವರ ವಿಷಯವನ್ನು ಅವರಿಗೆ ತಪ್ಪದೆ ತಿಳಿಸಿ. ಖಿನ್ನತೆ ನಿವಾರಕ ಮಾತ್ರೆಗಳು ಬೈಪೋಲಾರ್ ಪ್ರವೃತ್ತಿ ಇರುವ ಕೆಲವರಲ್ಲಿ ಉನ್ಮಾದವನ್ನು ಕೆರಳಿಸಬಲ್ಲವಾದ್ದರಿಂದ, ಔಷಧ ಬರೆಯುವ ಮೊದಲೇ ಆ ಸಂಗತಿ ವೈದ್ಯರಿಗೆ ಗೊತ್ತಿರಬೇಕು.

ಹಾಗಾದರೆ ಇದು ಏನು? ನೀವು ಬರೆದ ಮೂರು ಸಂಗತಿಗಳು, ಅಂದರೆ ಮುಟ್ಟಿನ ಅಂತರ ಕೆಟ್ಟಿರುವುದು, ರಾತ್ರಿಯ ಬೆವರು ಮತ್ತು ನಲವತ್ತೈದರ ವಯಸ್ಸು, ಒಟ್ಟಾಗಿ ಋತುಬಂಧಕ್ಕೆ ಮುಂಚಿನ ಸಂಧಿಕಾಲದತ್ತ ಬೆರಳು ತೋರುತ್ತಿವೆ. ಸತತವಾಗಿ 12 ತಿಂಗಳು ಮುಟ್ಟಾಗದಿದ್ದರೆ ಮಾತ್ರ ಋತುಬಂಧವಾಗಿದೆ ಎನ್ನುತ್ತೇವೆ. ಭಾರತದ ಮಹಿಳೆಯರಲ್ಲಿ ಅದು ಸರಾಸರಿ 46ರಿಂದ 47ನೆಯ ವಯಸ್ಸಿನ ಆಸುಪಾಸಿನಲ್ಲಿ, ಅಂದರೆ ಪಾಶ್ಚಾತ್ಯ ದೇಶಗಳಿಗಿಂತ ನಾಲ್ಕೈದು ವರ್ಷ ಮೊದಲೇ ಆಗುತ್ತದೆ. ಅದಕ್ಕೆ ಮುಂಚಿನ ಸಂಧಿಕಾಲ ಕೆಲವರಿಗೆ ಎರಡು ವರ್ಷ, ಕೆಲವರಿಗೆ ಏಳೆಂಟು ವರ್ಷವೂ ಇರಬಹುದು. ಈ ಅವಧಿಯಲ್ಲಿ ಈಸ್ಟ್ರೋಜೆನ್ ಎಂಬ ಹೆಣ್ತನದ ಹಾರ್ಮೋನು ನಿಧಾನವಾಗಿ, ಒಂದೇ ಸಮನೆ ಇಳಿಯುತ್ತದೆ ಎಂಬುದು ಸಾಮಾನ್ಯ ತಿಳಿವಳಿಕೆ. ವಾಸ್ತವದಲ್ಲಿ ಅದು ಒಂದು ತಿಂಗಳು ಮೊದಲಿಗಿಂತಲೂ ಮೇಲಕ್ಕೆ ಜಿಗಿದು, ಮುಂದಿನ ತಿಂಗಳು ತೀರ ಕೆಳಕ್ಕೆ ಕುಸಿಯುತ್ತದೆ. ಹಳ್ಳಿಯ ಕಡೆ ಪಂಪ್‌ಸೆಟ್ ಇರುವವರಿಗೆ ಇದು ಬೇಗ ಅರ್ಥವಾಗುತ್ತದೆ: ವೋಲ್ಟೇಜ್ ಏರಿಳಿಯುತ್ತಲೇ ಇದ್ದರೆ ಮೋಟಾರಿಗೆ ಪೆಟ್ಟು ಬೀಳುತ್ತದೆ. ಮಿದುಳಿನಲ್ಲಿ ಮನಸ್ಥಿತಿಯನ್ನೂ ನಿದ್ದೆಯನ್ನೂ ಕಾಯುವ ಸೆರಟೋನಿನ್ ಮುಂತಾದ ರಾಸಾಯನಿಕಗಳ ಕೆಲಸಕ್ಕೆ ಈಸ್ಟ್ರೋಜೆನ್ನಿನ ನಂಟು ಇರುವುದರಿಂದ, ಆ ಏರಿಳಿತದ ಪೆಟ್ಟು ಕೋಪ, ಅಳು ಮತ್ತು ಕಾರಣ ತಿಳಿಯದ ಕಳವಳಗಳ ರೂಪದಲ್ಲಿ ಹೊರಬೀಳುತ್ತದೆ. ಹಿಂದೆ ಖಿನ್ನತೆ ಬಂದಿದ್ದವರಿಗೆ, ಬಾಣಂತನದಲ್ಲಿ ಮನಸ್ಸು ಕುಗ್ಗಿದ್ದವರಿಗೆ, ಮುಟ್ಟಿಗೆ ಮೊದಲಿನ ವಾರದಲ್ಲಿ ಯೌವನದಿಂದಲೂ ಸಿಡುಕು ಇದ್ದವರಿಗೆ ಈ ಕಾಲ ಹೆಚ್ಚು ಕಷ್ಟವಾಗುತ್ತದೆ. ಈ ಮೂರರಲ್ಲಿ ಯಾವುದಾದರೂ ನಿಮಗಿತ್ತೇ ಎಂದು ನೆನಪಿಸಿಕೊಳ್ಳಿ.

ಆದ್ದರಿಂದ ಅತ್ತೆಯವರ ಮಾತಿನಲ್ಲಿ ಅರ್ಧ ಸತ್ಯವಿದೆ. ಬಹಳ ಮಂದಿಗೆ ಆಗುತ್ತದೆ ಎಂಬುದು ಸರಿ. ಬಹಳ ಮಂದಿಗೆ ಆಗುವುದನ್ನು ಸುಮ್ಮನೆ ಸಹಿಸಬೇಕು ಎಂಬುದು ಸರಿಯಲ್ಲ. ‘ಮನಸ್ಸು ಗಟ್ಟಿ ಮಾಡಿಕೋ’ ಎಂಬ ಮಾತನ್ನಂತೂ ನಾನು ಯಾವ ಕುಟುಂಬಕ್ಕೂ ಶಿಫಾರಸು ಮಾಡುವುದಿಲ್ಲ. ತಿಂಗಳುಗಟ್ಟಲೆ ಅರೆನಿದ್ದೆಯಲ್ಲಿ ಎದ್ದು, ಅಡುಗೆ ಮುಗಿಸಿ, ಶಾಲೆಗೆ ಹೋಗಿ, ದಿನವಿಡೀ ನಿಂತು ಪಾಠ ಮಾಡಿ ಬರುವವರ ಮನಸ್ಸು ಆಗಲೇ ಸಾಕಷ್ಟು ಗಟ್ಟಿಯಿದೆ. ಆ ಮಾತು ಸಹಾಯದಂತೆ ಕೇಳಿಸಿದರೂ, ಕೇಳಿದವರು ಮುಂದಿನ ಬಾರಿ ತಮ್ಮ ಸಂಕಟವನ್ನು ಹೇಳದಂತೆ ಮಾಡುತ್ತದೆ.

ಈಗ ನಾನು ನಿಮ್ಮಿಂದ ಬಯಸುವ ಮುಖ್ಯ ಕೆಲಸಕ್ಕೆ ಬರುತ್ತೇನೆ. ‘ನಾನೇಕೆ ಹೀಗಾದೆ’ ಎಂಬ ಪ್ರಶ್ನೆಯನ್ನು ಎರಡು ತಿಂಗಳು ಬದಿಗಿಟ್ಟು ‘ಯಾವಾಗ ಹೀಗಾಗುತ್ತದೆ’ ಎಂಬುದನ್ನು ಬರೆದಿಡಿ. ‘ಏಕೆ’ ಎಂದು ರಾತ್ರಿ ಮೂರು ಗಂಟೆಗೆ ಕೇಳಿಕೊಂಡರೆ ಸಿಗುವ ಉತ್ತರ ಬಹುತೇಕ ‘ನಾನೇ ಸರಿಯಿಲ್ಲ’ ಎಂಬುದಾಗಿರುತ್ತದೆ; ‘ಯಾವಾಗ’ ಎಂಬುದಕ್ಕೆ ದಿನಾಂಕವೇ ಉತ್ತರ. ಹಾಲಿನ ಲೆಕ್ಕವನ್ನೂ ಸಿಲಿಂಡರ್ ಬಂದ ದಿನವನ್ನೂ ಗುರುತು ಹಾಕುವ ಗೋಡೆಯ ಕ್ಯಾಲೆಂಡರಿನಲ್ಲಿ ಅನೇಕ ಮಹಿಳೆಯರು ಮುಟ್ಟಿನ ದಿನಕ್ಕೂ ಒಂದು ಚುಕ್ಕೆ ಇಡುತ್ತಾರೆ. ಆ ಅಭ್ಯಾಸವನ್ನೇ ಸ್ವಲ್ಪ ವಿಸ್ತರಿಸಬೇಕು, ಆದರೆ ಎಲ್ಲರ ಕಣ್ಣಿಗೆ ಬೀಳದ ಒಂದು ನೋಟ್‌ಬುಕ್ಕಿನಲ್ಲಿ. ಪ್ರತಿ ರಾತ್ರಿ ಮಲಗುವ ಮುನ್ನ ನಾಲ್ಕು ಸಂಗತಿಗಳನ್ನು ಬರೆದರೆ ಸಾಕು: ಹಿಂದಿನ ರಾತ್ರಿ ಎಷ್ಟು ಗಂಟೆ ನಿದ್ದೆ ಬಂತು, ಮುಟ್ಟಿನ ಸ್ಥಿತಿ ಏನು, ದಿನದ ಒಟ್ಟು ಮನಸ್ಥಿತಿಗೆ ಒಂದರಿಂದ ಹತ್ತರೊಳಗೆ ಎಷ್ಟು ಅಂಕ, ಮತ್ತು ಆ ದಿನ ಮನಸ್ಸು ಕದಡಿದ್ದರೆ ಅದಕ್ಕೆ ಮುಂಚಿನ ಒಂದು ಗಂಟೆಯಲ್ಲಿ ಏನು ನಡೆದಿತ್ತು. ಎರಡು ಮೂರು ನಿಮಿಷಕ್ಕಿಂತ ಹೆಚ್ಚು ಸಮಯ ಬೇಡ, ಏಕೆಂದರೆ ದೀರ್ಘವಾಗಿ ಬರೆಯಲು ಹೊರಟವರು ಒಂದು ವಾರಕ್ಕೇ ಬಿಟ್ಟುಬಿಡುತ್ತಾರೆ. ನೆನಪಿನಿಂದ ಒಟ್ಟಿಗೆ ತುಂಬಿಸುವುದೂ ಬೇಡ. ಕೆಟ್ಟ ದಿನದಲ್ಲಿ ನೆನಪಿಗೆ ಬರುವುದೆಲ್ಲ ಕೆಟ್ಟ ದಿನಗಳೇ.

ಈ ಪುಸ್ತಕ ವೈದ್ಯರಿಗೆ ಎಷ್ಟು ಉಪಯುಕ್ತವೆಂದರೆ ಒಂದು ಕಾಯಿಲೆಯಲ್ಲಂತೂ ಇದಿಲ್ಲದೆ ನಿರ್ಣಯವೇ ಪೂರ್ಣವಾಗುವುದಿಲ್ಲ. ಮುಟ್ಟಿಗೆ ಮುಂಚಿನ ವಾರದಲ್ಲಿ ತೀವ್ರವಾದ ಸಿಟ್ಟು, ಹತಾಶೆ, ಕಳವಳ ಬಂದು, ಮುಟ್ಟು ಆರಂಭವಾದ ಕೆಲವೇ ದಿನಗಳಲ್ಲಿ ತಿಳಿಯಾಗುವ ತೊಂದರೆಯೊಂದಿದೆ. ಮನೋವೈದ್ಯರು ವಿಶ್ವದಾದ್ಯಂತ ಬಳಸುವ ಅಮೆರಿಕದ ಕೈಪಿಡಿಯಲ್ಲಿ 2013ರಲ್ಲಿ ಅದಕ್ಕೆ ಸ್ವತಂತ್ರ ಕಾಯಿಲೆಯ ಸ್ಥಾನ ಸಿಕ್ಕಿತು. ಅದನ್ನು ದೃಢಪಡಿಸಲು ಕನಿಷ್ಠ ಎರಡು ಋತುಚಕ್ರಗಳ ದಿನನಿತ್ಯದ ದಾಖಲೆ ಬೇಕು. ನಿಮ್ಮ ಪುಸ್ತಕದಲ್ಲಿ ಕೆಟ್ಟ ದಿನಗಳು ಮುಟ್ಟಿಗೆ ಮುಂಚೆ ಗುಂಪುಗೂಡಿವೆಯೋ, ನಿದ್ದೆಗೆಟ್ಟ ರಾತ್ರಿಗಳ ಮರುದಿನ ಬಂದಿವೆಯೋ, ಸಂಜೆ ಐದರಿಂದ ಏಳರ ನಡುವೆ ಮಾತ್ರ ಸೇರಿಕೊಂಡಿವೆಯೋ, ಇಲ್ಲವೆ ಎರಡು ವಾರ ಬಿಡುವಿಲ್ಲದೆ ಒಂದೇ ಕತ್ತಲೆಯಾಗಿ ಹರಡಿವೆಯೋ ಎಂಬುದನ್ನು ನೋಡಿದರೆ, ಮುಂದಿನ ದಾರಿ ಬಹುಮಟ್ಟಿಗೆ ತಾನಾಗಿ ತೆರೆದುಕೊಳ್ಳುತ್ತದೆ. ಕೊನೆಯದು ಮಾತ್ರ, ಅಂದರೆ ಎರಡು ವಾರ ಬಹುಪಾಲು ಹೊತ್ತು ಕುಗ್ಗಿದ ಮನಸ್ಸು, ಯಾವುದರಲ್ಲೂ ಆಸಕ್ತಿಯಿಲ್ಲದಿರುವುದು, ಹಸಿವು ನಿದ್ದೆ ಎರಡೂ ಕೆಡುವುದು ಕಂಡುಬಂದರೆ, ಎರಡು ತಿಂಗಳ ದಾಖಲೆಗಾಗಿ ಕಾಯಬೇಡಿ. ಅದು ಖಿನ್ನತೆ, ಕೂಡಲೇ ವೈದ್ಯರನ್ನು ಕಾಣಿ.

ಇಲ್ಲಿ ಒಂದು ಎಚ್ಚರಿಕೆ. ಪುಸ್ತಕ ಮನೆಯವರ ಕೈಯಲ್ಲಿ ಆಯುಧವಾಗಬಾರದು. ಜಗಳದ ಮಧ್ಯೆ ‘ನಿನಗೆ ಈಗ ಆ ಸಮಯ ಇರಬೇಕು, ಅದಕ್ಕೇ ಹೀಗಾಡುತ್ತೀಯ’ ಎಂದು ಒಬ್ಬರು ಹೇಳಿದರೆ, ನೀವು ಎತ್ತಿದ ವಿಷಯವೇ ಸತ್ತುಹೋಗುತ್ತದೆ. ಹಾರ್ಮೋನು ಸಿಟ್ಟಿನ ಪ್ರಮಾಣವನ್ನು ಹೆಚ್ಚಿಸಬಹುದು, ಆದರೆ ಸಿಟ್ಟಿನ ಕಾರಣ ಎಷ್ಟೋ ಬಾರಿ ನಿಜವಾದದ್ದೇ ಆಗಿರುತ್ತದೆ. ಶಾಲೆಯಿಂದ ಬಂದು ಚೀಲ ಇಡುವ ಮೊದಲೇ ‘ಕಾಫಿ ಆಯಿತಾ’ ಎಂದು ಕೇಳುವ ಮನೆಯಲ್ಲಿ, ಮಗಳ ಓದು, ಅತ್ತೆಯವರ ಔಷಧ, ಮರುದಿನದ ತಿಂಡಿಗೆ ಹಿಟ್ಟು ರುಬ್ಬುವುದು, ಎಲ್ಲವೂ ಒಬ್ಬರ ತಲೆಯ ಮೇಲೇ ಇದ್ದರೆ, ಯಾವ ಮಾತ್ರೆಯೂ ಆ ಭಾರವನ್ನು ಇಳಿಸದು. ಪುಸ್ತಕದ ನಾಲ್ಕನೆಯ ಸಂಗತಿಯಲ್ಲಿ, ಅಂದರೆ ‘ಮುಂಚಿನ ಒಂದು ಗಂಟೆ’ಯಲ್ಲಿ, ಒಂದೇ ಘಟನೆ ಮತ್ತೆ ಮತ್ತೆ ಬರುತ್ತಿದ್ದರೆ ಅದನ್ನು ಕೆಲಸ ಹಂಚಿಕೊಳ್ಳುವ ಪ್ರಶ್ನೆಯಾಗಿ ಯಜಮಾನರ ಮುಂದಿಡಿ, ಸಿಟ್ಟು ಬಂದಾಗ ಬೇಡ, ಭಾನುವಾರದ ಬೆಳಿಗ್ಗೆಯಂಥ ತಣ್ಣನೆಯ ಹೊತ್ತಿನಲ್ಲಿ.

ಪರೀಕ್ಷೆಗಳ ವಿಷಯ. ನಿಮ್ಮ ವಯಸ್ಸಿನಲ್ಲಿ, ನಿಮ್ಮಂಥ ಲಕ್ಷಣಗಳಿದ್ದಾಗ ಸಂಧಿಕಾಲವನ್ನು ಖಚಿತಪಡಿಸಲು ದುಬಾರಿ ಹಾರ್ಮೋನು ಪರೀಕ್ಷೆಗಳು ಸಾಮಾನ್ಯವಾಗಿ ಬೇಕಾಗುವುದಿಲ್ಲ. ಅವುಗಳ ಮಟ್ಟ ದಿನದಿನಕ್ಕೆ ಬದಲಾಗುವುದರಿಂದ ಒಂದು ದಿನದ ವರದಿ ದಾರಿ ತಪ್ಪಿಸಲೂಬಹುದು. ಆದರೆ ಥೈರಾಯ್ಡ್‌ನ ಟಿಎಸ್‌ಎಚ್, ಹಿಮೋಗ್ಲೋಬಿನ್, ಸಕ್ಕರೆ ಮತ್ತು ವಿಟಮಿನ್ ಬಿ12 ಇವನ್ನು ನೋಡಿಸಲೇಬೇಕು. ಥೈರಾಯ್ಡ್ ಕೆಲಸ ಕಡಿಮೆಯಾದರೆ ಜಡತ್ವ, ಮಂಕು ಕವಿಯುತ್ತದೆ. ಹೆಚ್ಚಾದರೆ ಸಿಡುಕು, ಎದೆಬಡಿತ, ಬೆವರು ಬರುತ್ತವೆ, ಮತ್ತು ಇವು ಸಂಧಿಕಾಲದ ಲಕ್ಷಣಗಳಂತೆಯೇ ಕಾಣುತ್ತವೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ಸುತ್ತಿನಲ್ಲಿ 15ರಿಂದ 49 ವರ್ಷದ ಭಾರತೀಯ ಮಹಿಳೆಯರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಇರುವುದು ಕಂಡುಬಂದಿತ್ತು. ನಿಮಗೆ ಹೆಚ್ಚು ರಕ್ತಸ್ರಾವವಾಗುತ್ತಿರುವುದರಿಂದ ಈ ಸಂಗತಿಯನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಹಿಮೋಗ್ಲೋಬಿನ್ 12 ಗ್ರಾಮಿಗಿಂತ ಕೆಳಗಿದ್ದು ವೈದ್ಯರು ಕಬ್ಬಿಣಾಂಶದ ಮಾತ್ರೆ ಬರೆದರೆ ಅದನ್ನು ಕಾಫಿ ಅಥವಾ ಟೀ ಜೊತೆಗೆ ನುಂಗಬೇಡಿ. ಒಂದೆರಡು ಗಂಟೆ ಅಂತರವಿರಲಿ, ಇಲ್ಲದಿದ್ದರೆ ಮಾತ್ರೆಯ ಸತ್ವ ಮೈಗೆ ಹತ್ತುವುದಿಲ್ಲ. ಅತಿಯಾದ ಸ್ರಾವಕ್ಕೆ ಕಾರಣ ಗರ್ಭಕೋಶದ ಗಡ್ಡೆಯೂ ಆಗಿರಬಹುದಾದ್ದರಿಂದ ಸ್ತ್ರೀರೋಗ ತಜ್ಞರಿಂದ ಒಂದು ತಪಾಸಣೆ ಆಗಲಿ. ಮುಟ್ಟು ಏರುಪೇರಾಗಿದೆ ಎಂದ ಮಾತ್ರಕ್ಕೆ ಗರ್ಭ ನಿಲ್ಲುವ ಸಾಧ್ಯತೆ ಮುಗಿದಿಲ್ಲ ಎಂಬುದೂ ನೆನಪಿರಲಿ.

ನೀವು ಪ್ರಸ್ತಾಪಿಸದಿದ್ದರೂ ಒಂದು ಮಾತನ್ನು ಕೇಳಲೇಬೇಕು. ಹಬ್ಬ, ಮದುವೆ, ಗೃಹಪ್ರವೇಶ, ತೀರ್ಥಯಾತ್ರೆಗಳ ಸಲುವಾಗಿ ಮುಟ್ಟು ಮುಂದೂಡುವ ಮಾತ್ರೆಯನ್ನು ಮೆಡಿಕಲ್ ಶಾಪಿನಿಂದ ತಂದು ನುಂಗುವ ರೂಢಿ ನಮ್ಮಲ್ಲಿ ವ್ಯಾಪಕವಾಗಿದೆ. ನಾರೆಥಿಸ್ಟೆರಾನ್ ಎಂಬ ಆ ಹಾರ್ಮೋನು ಕೆಲವರಲ್ಲಿ ಮನಸ್ಸನ್ನು ಕುಗ್ಗಿಸುತ್ತದೆ, ಸಿಡುಕು ತರುತ್ತದೆ. ಆಸ್ತಮಾ, ಕೀಲುನೋವುಗಳಿಗೆ ಕೊಡುವ ಸ್ಟೀರಾಯ್ಡ್ ಮಾತ್ರೆಗಳೂ ಮನಸ್ಥಿತಿಯನ್ನು ಅಲುಗಾಡಿಸಬಲ್ಲವು. ಕಳೆದ ಒಂದೂವರೆ ವರ್ಷದಲ್ಲಿ ನೀವು ನುಂಗಿದ ಎಲ್ಲವನ್ನೂ, ಹೆಸರಿಲ್ಲದ ಪೊಟ್ಟಣದ ಪುಡಿಯಿದ್ದರೆ ಅದನ್ನೂ, ಪಟ್ಟಿ ಮಾಡಿ ವೈದ್ಯರಿಗೆ ತೋರಿಸಿ.

ಸಹೋದ್ಯೋಗಿಯ ನಿದ್ದೆ ಮಾತ್ರೆಯನ್ನು ದಯವಿಟ್ಟು ತೆಗೆದುಕೊಳ್ಳಬೇಡಿ. ಅದು ಬಹುಶಃ ಆಲ್ಪ್ರಜೋಲಾಮ್ ಅಥವಾ ಅದರ ಜಾತಿಯದ್ದಾಗಿರುತ್ತದೆ. ವೈದ್ಯರ ಚೀಟಿಯಿಲ್ಲದೆ ಕೊಡಬಾರದ ಔಷಧ. ಮೊದಲ ಕೆಲವು ರಾತ್ರಿ ಅದ್ಭುತವಾಗಿ ನಿದ್ದೆ ಬರುತ್ತದೆ. ಕೆಲವೇ ವಾರಗಳಲ್ಲಿ ಮೈ ಅದಕ್ಕೆ ಒಗ್ಗಿಕೊಂಡು, ಬಿಟ್ಟ ದಿನ ನಿದ್ದೆ ಮೊದಲಿಗಿಂತ ಕೆಡುತ್ತದೆ, ಕಳವಳ ಇಮ್ಮಡಿಯಾಗುತ್ತದೆ, ಆಗ ಬಿಡಲಾಗದೆ ಮುಂದುವರಿಸುತ್ತಾರೆ. ರಾತ್ರಿಯ ಎಚ್ಚರಕ್ಕೆ ಬೇರೆ ದಾರಿಗಳಿವೆ. ಮಧ್ಯಾಹ್ನ ಎರಡರ ನಂತರ ಕಾಫಿ ಬೇಡ. ಕುಡಿದ ಕೆಫೀನಿನ ಅರ್ಧಭಾಗ ಸುಮಾರು ಐದು ಗಂಟೆಯ ನಂತರವೂ ರಕ್ತದಲ್ಲಿರುತ್ತದೆ. ಹತ್ತಿಯ ಬಟ್ಟೆ, ಗಾಳಿಯಾಡುವ ಕೋಣೆ ಬೆವರಿನ ಕಾಟವನ್ನು ಕಡಿಮೆ ಮಾಡುತ್ತವೆ. ಬೆಳಿಗ್ಗೆ ಏಳುವ ಸಮಯವನ್ನು ಭಾನುವಾರವೂ ಬದಲಿಸಬೇಡಿ. ಎಚ್ಚರವಾಗಿ ಹೆಚ್ಚು ಹೊತ್ತು ಹೊರಳಾಡುವಂತಾದರೆ ಎದ್ದು ಬೇರೆಡೆ ಮಂದ ಬೆಳಕಿನಲ್ಲಿ ಕುಳಿತು, ತೂಕಡಿಕೆ ಬಂದಾಗ ಮರಳಿ ಮಲಗಿ. ಹಾಸಿಗೆ ಚಿಂತೆಯ ಜಾಗವೆಂದು ಮಿದುಳು ಕಲಿಯದಿರಲಿ. ಆ ಹೊತ್ತಿನಲ್ಲಿ ಮದುವೆ, ನೌಕರಿ, ಮಗಳ ಭವಿಷ್ಯಗಳ ಕುರಿತು ಹೊಳೆಯುವ ಯಾವ ತೀರ್ಮಾನವನ್ನೂ ನಂಬದೆ ಬೆಳಗಿಗೆ ಮುಂದೂಡಿ.

ಸಂಜೆಯ ಸಿಟ್ಟಿಗೆ ಬರೋಣ. ಸ್ಫೋಟಕ್ಕೆ ಮುಂಚೆ ದೇಹ ಸೂಚನೆ ಕೊಡುತ್ತದೆ: ಕಿವಿ ಬಿಸಿಯಾಗುವುದು, ದವಡೆ ಬಿಗಿಯುವುದು, ಮಾತು ವೇಗವಾಗುವುದು. ನಿಮ್ಮ ಸೂಚನೆ ಯಾವುದೆಂದು ಎರಡು ವಾರದಲ್ಲಿ ನಿಮಗೇ ತಿಳಿಯುತ್ತದೆ. ಅದು ಕಂಡ ಕೂಡಲೇ ‘ನಾನು ಹತ್ತು ನಿಮಿಷ ಬಿಟ್ಟು ಮಾತನಾಡುತ್ತೇನೆ’ ಎಂದು ಹೇಳಿ ಆ ಕೋಣೆಯಿಂದ ಹೊರಬನ್ನಿ. ಹೇಳದೆ ಹೊರಟರೆ ಅದು ಮುನಿಸಾಗಿ ಕಾಣುತ್ತದೆ. ಉಸಿರನ್ನು ಒಳತೆಗೆದುಕೊಳ್ಳುವುದಕ್ಕಿಂತ ಹೊರಬಿಡುವುದನ್ನು ನಿಧಾನ ಮಾಡಿ, ಎದೆಬಡಿತ ಇಳಿಯುವವರೆಗೆ ಮುಂದುವರಿಸಿ. ಶಾಲೆಯಿಂದ ಬಂದ ಕೂಡಲೇ ಏನನ್ನಾದರೂ ತಿನ್ನುವುದು ಸಣ್ಣ ಮಾತೆಂದು ತೋರಬಹುದು, ಆದರೆ ಮಧ್ಯಾಹ್ನ ಹನ್ನೆರಡೂವರೆಯ ಊಟದ ನಂತರ ಸಂಜೆ ಆರರವರೆಗೆ ಕಾಫಿಯ ಮೇಲೇ ಇರುವವರ ಸಿಡುಕಿನಲ್ಲಿ ಹಸಿವಿನ ಪಾಲು ದೊಡ್ಡದು. ವಾರಕ್ಕೆ ಒಟ್ಟು 150 ನಿಮಿಷದ ಬಿರುಸು ನಡಿಗೆ, ಅಂದರೆ ಐದು ದಿನ ಅರ್ಧ ಗಂಟೆ, ನಿದ್ದೆ ಮತ್ತು ಮನಸ್ಥಿತಿ ಎರಡಕ್ಕೂ ನೆರವಾಗುತ್ತದೆ. ಬೆಳಗಿನ ಬೆಳಕಿನಲ್ಲಿ ನಡೆದರೆ ಮತ್ತೂ ಒಳ್ಳೆಯದು.

ಔಷಧವಿಲ್ಲದೆ ಸರಿಹೋಗಲು ಸಾಧ್ಯವೇ ಎಂದು ಕೇಳಿದ್ದೀರಿ. ಅನೇಕರಿಗೆ ಇಷ್ಟರಿಂದಲೇ ಸಾಧ್ಯ. ಎರಡು ತಿಂಗಳ ನಂತರವೂ ನಿಮ್ಮ ಪುಸ್ತಕದ ಅಂಕಗಳು ಮೇಲೇರದಿದ್ದರೆ ಔಷಧವನ್ನು ಸೋಲಿನಂತೆ ನೋಡಬೇಡಿ. ಆಲೋಚನೆ ಮತ್ತು ವರ್ತನೆಯ ಜಾಡನ್ನು ಬದಲಿಸಲು ಕಲಿಸುವ ಆಪ್ತಸಮಾಲೋಚನೆ ಈ ಕಾಲದ ನಿದ್ದೆಗೂ ಮನಸ್ಥಿತಿಗೂ ಉಪಯೋಗವಾಗುತ್ತದೆ. ಬೆವರು, ಮೈ ಬಿಸಿಯೇರುವುದು ಹೆಚ್ಚಿದ್ದರೆ ಸ್ತ್ರೀರೋಗ ತಜ್ಞರು ಹಾರ್ಮೋನು ಚಿಕಿತ್ಸೆಯನ್ನು ಸೂಚಿಸಬಹುದು. ಸ್ತನ ಕ್ಯಾನ್ಸರ್ ಆದವರಿಗೆ, ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದವರಿಗೆ ಅದು ಸಾಮಾನ್ಯವಾಗಿ ಸಲ್ಲದು, ಗರ್ಭಕೋಶವಿರುವವರಿಗೆ ಈಸ್ಟ್ರೋಜೆನ್ ಜೊತೆ ಪ್ರೊಜೆಸ್ಟರಾನ್ ಜಾತಿಯ ಔಷಧವನ್ನೂ ಕೊಡಬೇಕಾಗುತ್ತದೆ. ಖಿನ್ನತೆ ಖಚಿತವಾದರೆ ಮನೋವೈದ್ಯರು ಕೊಡುವ ಮಾತ್ರೆಯ ಪರಿಣಾಮ ಕಾಣಲು ಎರಡರಿಂದ ಆರು ವಾರ ಬೇಕು. ಹತ್ತು ದಿನಕ್ಕೆ ‘ಏನೂ ಆಗಲಿಲ್ಲ’ ಎಂದು ಬಿಡುವುದರಿಂದಲೇ ಎಷ್ಟೋ ಚಿಕಿತ್ಸೆಗಳು ವ್ಯರ್ಥವಾಗುತ್ತವೆ. ಈ ಮಾತ್ರೆಗಳು ನಿದ್ದೆ ಮಾತ್ರೆಗಳಂತೆ ಚಟ ಹಿಡಿಸುವುದಿಲ್ಲ, ಆದರೆ ನಿಲ್ಲಿಸುವಾಗ ವೈದ್ಯರ ಸಲಹೆಯಂತೆ ಹಂತಹಂತವಾಗಿ ನಿಲ್ಲಿಸಬೇಕು.

ಚಿಕಿತ್ಸೆಗೆ ಬೆಂಗಳೂರಿಗೇ ಬರಬೇಕೆಂದಿಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ರಾಜ್ಯದ ‘ಮನೋಚೈತನ್ಯ’ ಕಾರ್ಯಕ್ರಮದ ಅಡಿಯಲ್ಲಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರ ಸೇವೆ ಏರ್ಪಡಿಸಲಾಗುತ್ತದೆ, ನಿಮ್ಮ ತಾಲ್ಲೂಕಿನಲ್ಲಿ ಯಾವ ಮಂಗಳವಾರ ಎಂದು ಆಸ್ಪತ್ರೆಯಲ್ಲಿ ವಿಚಾರಿಸಿ. 2022ರ ಅಕ್ಟೋಬರಿನಲ್ಲಿ ಆರಂಭವಾದ ‘ಟೆಲಿ ಮಾನಸ್’ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಮಾನಸಿಕ ಕಾಯಿಲೆ ಇರುವವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆಯೇ ತಲುಪುತ್ತಿಲ್ಲವೆಂದು ತಿಳಿದುಬಂದಿತ್ತು. ನಿಮ್ಮ ಸೋದರಮಾವ ಇಷ್ಟು ವರ್ಷ ಬಿಡದೆ ಲಿಥಿಯಂ ತೆಗೆದುಕೊಳ್ಳುತ್ತಿದ್ದಾರೆ ಎಂದರೆ ಅವರು ಚಿಕಿತ್ಸೆ ತಲುಪಿದ ಕೆಲವರಲ್ಲಿ ಒಬ್ಬರು. 1949ರಿಂದ ಬಳಕೆಯಲ್ಲಿರುವ ಆ ಔಷಧ, ರಕ್ತದ ಮಟ್ಟ, ಮೂತ್ರಪಿಂಡ ಮತ್ತು ಥೈರಾಯ್ಡ್‌ಗಳನ್ನು ಕಾಲಕಾಲಕ್ಕೆ ಪರೀಕ್ಷಿಸುತ್ತಿದ್ದರೆ, ಇಂದಿಗೂ ಆ ಕಾಯಿಲೆಗೆ ಉತ್ತಮ ಆಸರೆಗಳಲ್ಲೊಂದು. ಅವರನ್ನು ಕಂಡು ಹೆದರುವ ಬದಲು ಅವರ ಶಿಸ್ತನ್ನು ಕೇಳಿ ತಿಳಿದುಕೊಳ್ಳಬಹುದು.

ಬದುಕಿರುವುದೇ ಬೇಡ ಎಂಬ ಯೋಚನೆ ಒಮ್ಮೆ ಸುಳಿದರೂ, ಅಥವಾ ಮಗಳನ್ನು ಹೊಡೆದುಬಿಡುತ್ತೇನೇನೋ ಎನ್ನಿಸಿದರೂ, ಪುಸ್ತಕ, ಪರೀಕ್ಷೆ, ಮಂಗಳವಾರ ಯಾವುದಕ್ಕೂ ಕಾಯದೆ ಅದೇ ದಿನ ಮನೆಯ ಒಬ್ಬರಿಗೆ ತಿಳಿಸಿ, ಅವರ ಜೊತೆ ಆಸ್ಪತ್ರೆಗೆ ಹೋಗಿ. ಅಲ್ಲಿಯವರೆಗೆ ಒಬ್ಬರೇ ಇರಬೇಡಿ.

ಮಗಳಿಗೆ ನಿಜವನ್ನೇ ಹೇಳಿ. ಪಿಯುಸಿ ಓದುವ ಹುಡುಗಿಗೆ ಹಾರ್ಮೋನಿನ ಮಾತು ಹೊಸದಲ್ಲ, ಅವಳ ದೇಹದಲ್ಲೂ ಅದೇ ನಡೆಯುತ್ತಿದೆ. ‘ನನ್ನ ಮೈಯಲ್ಲಿ ಬದಲಾವಣೆಗಳಾಗುತ್ತಿವೆ, ನಿದ್ದೆ ಬರುತ್ತಿಲ್ಲ, ಚಿಕಿತ್ಸೆ ಪಡೆಯುತ್ತಿದ್ದೇನೆ, ನಾನು ಕೂಗಾಡಿದ್ದು ನಿನ್ನ ತಪ್ಪಿನಿಂದಲ್ಲ’ ಎಂಬಷ್ಟು ಸಾಕು. ಕೂಗಾಡಿದ ರೀತಿಗೆ ಕ್ಷಮೆ ಕೇಳಿ; ಕೇಳಿದ ವಿಷಯ ನ್ಯಾಯವಾದದ್ದಾಗಿದ್ದರೆ, ಉದಾಹರಣೆಗೆ ರಾತ್ರಿ ಹನ್ನೊಂದರ ನಂತರ ಮೊಬೈಲ್ ಇಡು ಎಂದದ್ದಕ್ಕೆ, ಕ್ಷಮೆ ಬೇಡ, ಅದನ್ನು ಮರುದಿನ ಸಮಾಧಾನದಿಂದ ಮತ್ತೆ ಹೇಳಿ. ನಿಮ್ಮನ್ನು ಸಂತೈಸುವ ಹೊಣೆ ಅವಳದಾಗದಿರಲಿ. ಅದು ಯಜಮಾನರದು, ನಿಮ್ಮ ಅಕ್ಕತಂಗಿಯರದು, ವೈದ್ಯರದು. ‘ನಾನು ಹತ್ತು ನಿಮಿಷ ಬಿಟ್ಟು ಮಾತನಾಡುತ್ತೇನೆ’ ಎಂದು ನೀವು ಹೇಳಿದಾಗ ಅದರ ಅರ್ಥವೇನೆಂದು ಮಾತ್ರ ಅವಳಿಗೆ ಮೊದಲೇ ತಿಳಿಸಿಟ್ಟಿರಿ. ಅದೇ ಮಾತನ್ನು ನಿಮಗೆ ಹೇಳುವ ಹಕ್ಕು ಅವಳಿಗೂ ಇರಲಿ.